ಸರಮೆಯ ಸಂತಾನದ ಋಣ

ಶರನ್ನವರಾತ್ರಿಯ ಒಂಬತ್ತನೆಯ ದಿನ ಆಯುಧಪೂಜೆ. ಕುಂಬಾರನು ತಿಗರಿಗೆ, ಕಮ್ಮಾರನು ಸುತ್ತಿಗೆಗೆ, ಅಕ್ಕಸಾಲಿಗನು ತಕ್ಕಡಿಗೆ, ರೈತನು ನೇಗಿಲಿಗೆ ಅರಿಸಿನ ಕುಂಕುಮವಿಟ್ಟು ಕೈಮುಗಿಯುವ ದಿನವದು. ಊರು ಬಿಟ್ಟು ಮಹಾನಗರವನ್ನು ಸೇರಿದ ಕನ್ನಡಿಗರು ಈ ಆಚರಣೆಯನ್ನು ಬಿಟ್ಟಿಲ್ಲ. ಮುಂಬಯಿಯ ಹೋಟೆಲಿನ ರುಬ್ಬುವ ಯಂತ್ರ, ಮುದ್ರಣಾಲಯದ ಅಚ್ಚಿನ ಯಂತ್ರ, ಟ್ಯಾಕ್ಸಿಯ ಚಕ್ರ, ಕಚೇರಿಯ ಮೇಜಿನ ಮೇಲಿನ ಕಂಪ್ಯೂಟರ್, ಎಲ್ಲಕ್ಕೂ ಅಂದು ಚೆಂಡುಹೂವಿನ ಮಾಲೆ. ಮಹಾರಾಷ್ಟ್ರದವರು ಇದನ್ನೇ ಖಂಡೇನವಮಿ ಎನ್ನುತ್ತಾರೆ. ದಸರೆಯಲ್ಲಿ ಪೊಲೀಸರೂ ತಮ್ಮ ಬಂದೂಕುಗಳನ್ನು ಒರೆಸಿ, ಸಾಲಾಗಿರಿಸಿ ಪೂಜಿಸುತ್ತಾರೆ.

ಆಯುಧಪೂಜೆಯ ತಿರುಳು ಕೃತಜ್ಞತೆ. ವರ್ಷವಿಡೀ ಕೈಗೆ ಬಲವಾಗಿ ನಿಂತ ವಸ್ತುವನ್ನು ಒಂದು ದಿನವಾದರೂ ಕೆಲಸದಿಂದ ಬಿಡಿಸಿ ಅದರ ಮುಂದೆ ತಲೆಬಾಗಬೇಕೆಂಬುದು ಹಿರಿಯರ ಆಶಯ. ಜಡವಾದ ಉಪಕರಣಕ್ಕೇ ಇಷ್ಟು ಮನ್ನಣೆಯಾದರೆ ಜೀವವುಳ್ಳ ಸಹಾಯಕನಿಗೆ ಎಷ್ಟಿರಬೇಡ? ಮೈಸೂರಿನ ಅರಮನೆಯಲ್ಲಿ ಖಡ್ಗದೊಡನೆ ಪಟ್ಟದ ಆನೆಗೂ ಪಟ್ಟದ ಕುದುರೆಗೂ ಅಂದು ಪೂಜೆ ಸಲ್ಲುತ್ತದೆ. ನೇಪಾಳದಲ್ಲಿ ದಸರೆಯ ಬೆನ್ನಿಗೇ ಬರುವ ತಿಹಾರ್ ಹಬ್ಬದ ಎರಡನೆಯ ದಿನ ನಾಯಿಗೆ ಮೀಸಲು. ಕಾಠ್ಮಂಡುವಿನ ಪೊಲೀಸ್ ಶ್ವಾನದಳದ ನಾಯಿಗಳ ಹಣೆಗೆ ಅಂದು ತಿಲಕವಿಟ್ಟು ಕೊರಳಿಗೆ ಹೂಮಾಲೆ ಹಾಕುತ್ತಾರೆ. ನಮ್ಮ ನಗರಗಳನ್ನು ಕಾದು, ಕಾಯುತ್ತಲೇ ಆಯುಸ್ಸು ಸವೆಸಿ ಕಣ್ಮರೆಯಾದ ಪೊಲೀಸ್ ನಾಯಿಗಳನ್ನು ನೆನೆಯುವುದಕ್ಕೆ ಆಯುಧಪೂಜೆಗಿಂತ ತಕ್ಕ ದಿನ ಇನ್ನಾವುದು?

ಹುಡುಕುವ ನಾಯಿಯ ಕಥೆ ಇಂದು ನಿನ್ನೆಯದಲ್ಲ. ಅದು ಋಗ್ವೇದದಷ್ಟು ಹಳೆಯದು. ಪಣಿಗಳೆಂಬವರು ದೇವತೆಗಳ ಗೋವುಗಳನ್ನು ಕದ್ದು ದೂರದ ಬೆಟ್ಟದ ಗುಹೆಯಲ್ಲಿ ಅಡಗಿಸಿಟ್ಟರು. ಗೋವುಗಳು ಎಲ್ಲಿವೆಯೆಂದು ಯಾರಿಗೂ ತಿಳಿಯದು. ಆಗ ಇಂದ್ರನು ಕಳುಹಿಸಿದ್ದು ಸರಮೆಯನ್ನು. ಸಂಪ್ರದಾಯವು ಆಕೆಯನ್ನು ದೇವಶುನಿ, ಅಂದರೆ ದೇವತೆಗಳ ಹೆಣ್ಣುನಾಯಿ ಎಂದು ಕರೆಯುತ್ತದೆ. ಆಕೆ ಜಾಡು ಹಿಡಿದು ನಡೆದಳು. ರಸಾ ಎಂಬ ದುಸ್ತರವಾದ ನದಿಯನ್ನು ದಾಟಿದಳು. ಕೊನೆಗೆ ಪಣಿಗಳ ಅಡಗುದಾಣದ ಮುಂದೆ ಒಬ್ಬಳೇ ನಿಂತಳು. ಹತ್ತನೆಯ ಮಂಡಲದ ನೂರೆಂಟನೆಯ ಸೂಕ್ತವು ಪೂರ್ತಿಯಾಗಿ ಆಕೆಗೂ ಪಣಿಗಳಿಗೂ ನಡೆದ ಸಂವಾದವೇ ಆಗಿದೆ.

ಆ ಸಂವಾದದಲ್ಲಿ ಪಣಿಗಳು ಮೊದಲು ಬೆದರಿಸುತ್ತಾರೆ. ಬೆದರಿಕೆ ನಡೆಯದಾದಾಗ ಆಮಿಷ ಒಡ್ಡುತ್ತಾರೆ. ಹಿಂದಿರುಗಬೇಡ, ನಮ್ಮ ಸೋದರಿಯಾಗಿ ಇಲ್ಲಿಯೇ ನಿಲ್ಲು, ಗೋವುಗಳಲ್ಲಿ ನಿನಗೂ ಪಾಲು ಕೊಡುತ್ತೇವೆ ಎಂಬುದು ಅವರ ಮಾತಿನ ಭಾವ. ಸರಮೆ ಎರಡಕ್ಕೂ ಬಗ್ಗಲಿಲ್ಲ. ಅಣ್ಣತಂಗಿಯರ ಈ ಹೊಸ ನಂಟು ತನಗೆ ತಿಳಿಯದು ಎಂದು ಹೇಳಿ, ಬಂದ ಕಾರ್ಯದಲ್ಲಿ ದೃಢವಾಗಿ ನಿಂತಳು. ಇಂದು ಶ್ವಾನದಳದ ನಾಯಿಯಲ್ಲಿ ಜನರು ಮೆಚ್ಚುವ ಎರಡು ಗುಣಗಳೂ ಅಲ್ಲಿವೆ: ಕಾಣದುದನ್ನು ಕಂಡುಹಿಡಿಯುವ ಶಕ್ತಿ, ಲಂಚಕ್ಕೆ ಒಲಿಯದ ನಿಷ್ಠೆ.

ಇದೇ ಸರಮೆ ಮಹಾಭಾರತದ ಬಾಗಿಲಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾಳೆ. ಆದಿಪರ್ವದ ಆರಂಭದಲ್ಲಿಯೇ ಬರುವ ಪ್ರಸಂಗವದು. ಪರೀಕ್ಷಿತನ ಮಗನಾದ ಜನಮೇಜಯನು ಕುರುಕ್ಷೇತ್ರದಲ್ಲಿ ಯಜ್ಞಕ್ಕೆ ಕುಳಿತಿದ್ದಾನೆ. ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಅಟ್ಟುತ್ತಾರೆ. ಮರಿ ಅಳುತ್ತಾ ತಾಯಿಯ ಬಳಿಗೆ ಓಡುತ್ತದೆ. ನೀನೇನಾದರೂ ತಪ್ಪು ಮಾಡಿದೆಯಾ ಎಂದು ತಾಯಿ ಕೇಳಿದರೆ, ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆಗೆ ನೋಡಲೂ ಇಲ್ಲ ಎನ್ನುತ್ತದೆ ಆ ಮರಿ. ಸರಮೆ ಯಜ್ಞಶಾಲೆಗೆ ಬಂದು, ನನ್ನ ಮಗ ಏನು ಅಪರಾಧ ಮಾಡಿದನೆಂದು ಹೊಡೆದಿರಿ ಎಂದು ನೇರವಾಗಿ ಕೇಳುತ್ತಾಳೆ. ಚಕ್ರವರ್ತಿಯ ಸಭೆಯಲ್ಲಿ ಅದಕ್ಕೆ ಉತ್ತರ ಕೊಡಬಲ್ಲವರು ಒಬ್ಬರೂ ಇಲ್ಲ. ಆಗ ಆಕೆ ಶಾಪ ಕೊಡುತ್ತಾಳೆ. ನಿರಪರಾಧಿಯನ್ನು ಹೊಡೆದುದರಿಂದ ನಿಮಗೆ ಅದೃಷ್ಟಭಯ ಬರಲಿ, ಕಣ್ಣಿಗೆ ಕಾಣದ ಭಯವು ನಿಮ್ಮನ್ನು ಮುಟ್ಟಲಿ ಎಂಬುದೇ ಆ ಶಾಪ.

ಶತ್ರುವನ್ನು ಎದುರಿನಲ್ಲಿ ಕಂಡರೆ ಕ್ಷತ್ರಿಯನು ಅಂಜುವುದಿಲ್ಲ. ಯಾವ ಕಡೆಯಿಂದ, ಯಾವ ಗಳಿಗೆಯಲ್ಲಿ, ಯಾವ ರೂಪದಲ್ಲಿ ಬರುವುದೆಂದು ತಿಳಿಯದ ಭಯವು ಶೂರನನ್ನೂ ಕುಗ್ಗಿಸುತ್ತದೆ. ಜನಮೇಜಯನು ಕಳವಳಗೊಂಡು ಆ ಶಾಪವನ್ನು ಶಮನಗೊಳಿಸಬಲ್ಲ ಪುರೋಹಿತನಿಗಾಗಿ ಹುಡುಕಿದನೆಂದು ಕಥೆ ಮುಂದುವರಿಯುತ್ತದೆ. ಧರ್ಮಗ್ರಂಥವೊಂದು ತನ್ನ ಮೊದಲ ಪುಟಗಳಲ್ಲಿಯೇ ಒಂದು ನಾಯಿಮರಿಗೆ ಆದ ಅನ್ಯಾಯವನ್ನು ಇಷ್ಟು ಗಂಭೀರವಾಗಿ ಎತ್ತಿಕೊಂಡಿದೆ ಎಂಬುದು ಗಮನಿಸತಕ್ಕ ಸಂಗತಿ.

ಅದೃಷ್ಟಭಯವೆಂದರೆ ಏನೆಂಬುದನ್ನು ಮುಂಬಯಿಯ ನಿವಾಸಿಗಳಿಗೆ ವಿವರಿಸಬೇಕಾಗಿಲ್ಲ. 1993ರ ಮಾರ್ಚ್ 12, ಶುಕ್ರವಾರ. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಷೇರು ವಿನಿಮಯ ಕೇಂದ್ರದ ಕಟ್ಟಡದಲ್ಲಿ ಮೊದಲ ಸ್ಫೋಟ. ಅನಂತರ ಎರಡು ಗಂಟೆಗಳ ಅವಧಿಯಲ್ಲಿ ಏರ್ ಇಂಡಿಯಾ ಕಟ್ಟಡ, ವರಳಿ, ದಾದರಿನ ಪ್ಲಾಜಾ ಚಿತ್ರಮಂದಿರ, ಝವೇರಿ ಬಜಾರ್ ಎಂದು ಒಂದರ ಹಿಂದೊಂದು ಸ್ಫೋಟ. 257 ಮಂದಿ ಪ್ರಾಣ ತೆತ್ತರು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಲೋಕಲ್ ರೈಲು ಹಿಡಿದು ಹೋದವರು ಸಂಜೆ ಮನೆಗೆ ಮರಳುವರೋ ಇಲ್ಲವೋ ಎಂದು ಸಾವಿರಾರು ಮನೆಗಳು ಬಾಗಿಲಲ್ಲಿ ಕಾದು ನಿಂತವು. ಮರುದಿನದಿಂದ ನಿಲ್ಲಿಸಿಟ್ಟ ಸ್ಕೂಟರ್, ಮರೆತು ಬಿಟ್ಟ ಚೀಲ, ಮೂಲೆಯಲ್ಲಿದ್ದ ಪೆಟ್ಟಿಗೆ, ಯಾವುದನ್ನು ಕಂಡರೂ ಎದೆ ನಡುಗುವಂತಾಯಿತು.

ಆ ದಿನಗಳಲ್ಲಿ ಕಾಣದ ಭಯವನ್ನು ಕಾಣುವಂತೆ ಮಾಡಿದ್ದು ಒಂದು ನಾಯಿ. ಮುಂಬಯಿ ಪೊಲೀಸರ ಬಾಂಬು ಪತ್ತೆ ದಳದಲ್ಲಿದ್ದ ಆ ಲ್ಯಾಬ್ರಡಾರ್‌ನ ಹೆಸರು ಝಂಜೀರ್. 1973ರ ಪ್ರಸಿದ್ಧ ಹಿಂದಿ ಚಿತ್ರದ ಹೆಸರನ್ನೇ ಅದಕ್ಕಿಟ್ಟಿದ್ದರು. ಹುಟ್ಟಿದ್ದು 1992ರ ಜನವರಿಯಲ್ಲಿ, ತರಬೇತಿ ಪುಣೆಯಲ್ಲಿ, ದಳವನ್ನು ಸೇರಿದ್ದು ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ. ಸೇವೆಗೆ ಸೇರಿ ಮೂರು ತಿಂಗಳೂ ತುಂಬಿರಲಿಲ್ಲ, ಅಷ್ಟರಲ್ಲಿ ನಗರವೇ ಅದರ ಮೂಗನ್ನು ನಂಬಿ ನಿಲ್ಲಬೇಕಾಯಿತು. ಸ್ಫೋಟಕ ತುಂಬಿ ಬೀದಿಯಲ್ಲಿ ನಿಲ್ಲಿಸಿದ್ದ ಸ್ಕೂಟರನ್ನು ಅದು ತೋರಿಸಿಕೊಟ್ಟಿತು. ಸಿದ್ಧಿವಿನಾಯಕ ಮಂದಿರದ ಸಮೀಪದಲ್ಲಿ ವಾರಸುದಾರರಿಲ್ಲದೆ ಬಿದ್ದಿದ್ದ ಸೂಟ್‌ಕೇಸುಗಳಲ್ಲಿದ್ದ ಬಂದೂಕುಗಳನ್ನೂ ಕೈಬಾಂಬುಗಳನ್ನೂ ಪತ್ತೆಹಚ್ಚಲು ನೆರವಾಯಿತು. ತನ್ನ ಸೇವಾವಧಿಯಲ್ಲಿ ಅದು ಹಿಡಿದುಕೊಟ್ಟುದರ ಲೆಕ್ಕ ಹೀಗಿದೆ: 3,329 ಕಿಲೋಗ್ರಾಂ ಆರ್.ಡಿ.ಎಕ್ಸ್., 600 ಡಿಟೋನೇಟರ್, 249 ಕೈಬಾಂಬು, 6,406 ಸಜೀವ ಗುಂಡು. ವಿಘ್ನನಿವಾರಕನ ಸನ್ನಿಧಿಯಲ್ಲಿ ಕೈಮುಗಿದು ನಿಂತ ಭಕ್ತನಿಗೆ, ತನ್ನ ವಿಘ್ನವೊಂದನ್ನು ಗುಡಿಯ ಹೊರಗೆ ಒಂದು ನಾಯಿ ನಿವಾರಿಸುತ್ತಿದೆಯೆಂದು ತಿಳಿದಿರಲಿಕ್ಕಿಲ್ಲ.

2000ದ ನವೆಂಬರ್ 16ರಂದು ಝಂಜೀರ್ ಮೂಳೆಯ ಕ್ಯಾನ್ಸರಿನಿಂದ ಸತ್ತಿತು. ಆಗ ಅದಕ್ಕೆ ಎಂಟು ವರ್ಷ. ಪೊಲೀಸರು ಸಕಲ ಗೌರವಗಳೊಡನೆ ಅದನ್ನು ಸಮಾಧಿ ಮಾಡಿದರು. ಹಿರಿಯ ಅಧಿಕಾರಿಯೊಬ್ಬರು ಅದರ ದೇಹದ ಮೇಲೆ ಪುಷ್ಪಗುಚ್ಛವಿರಿಸಿ ನಮಿಸುತ್ತಿರುವ ಚಿತ್ರವು ಇಂದಿಗೂ ಜನರ ಕಣ್ಣ ಮುಂದಿದೆ.

ಎಂಟು ವರ್ಷಗಳ ಅನಂತರ, 2008ರ ನವೆಂಬರ್ 26ರಂದು, ನಗರಕ್ಕೆ ಮತ್ತೆ ಪರೀಕ್ಷೆ ಬಂತು. ಆಗ ಕೆಲಸಕ್ಕಿಳಿದವು ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್ ಎಂಬ ನಾಲ್ಕು ನಾಯಿಗಳು. ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಪ್ರಯಾಣಿಕರು ಬಿಟ್ಟು ಓಡಿದ್ದ ಸಾಮಾನುಗಳ ರಾಶಿಯಲ್ಲಿ ಅಡಗಿದ್ದ ಸಜೀವ ಬಾಂಬನ್ನು ಸೀಸರ್ ತೋರಿಸಿಕೊಟ್ಟಿತು. ಆ ರಾಶಿಯ ಪಕ್ಕದಲ್ಲಿಯೇ ರೈಲುಗಳು ಓಡಾಡಲಾರಂಭಿಸಿದ್ದವು. ಸೇವೆ ಮುಗಿದ ಮೇಲೆ ಅವು ವಿರಾರ್ ಬಳಿಯ ತೋಟವೊಂದರಲ್ಲಿ, ಪ್ರಾಣಿಪ್ರಿಯರ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದವು. 2016ನೆಯ ಒಂದೇ ವರ್ಷದಲ್ಲಿ ನಾಲ್ಕೂ ತೀರಿಕೊಂಡವು. ಕಡೆಯದಾಗಿ ಅಕ್ಟೋಬರಿನಲ್ಲಿ ಹೋದದ್ದು ಸೀಸರ್.

ಇಂಥವು ಎಲ್ಲೆಡೆಯೂ ಇವೆ. ದಾವಣಗೆರೆಯ ಪೊಲೀಸರ ತುಂಗಾ ಎಂಬ ಡಾಬರ್‌ಮನ್ 2020ರಲ್ಲಿ ಕೊಲೆಗಾರನೊಬ್ಬನ ಜಾಡು ಹಿಡಿದು ಸುಮಾರು ಹನ್ನೆರಡು ಕಿಲೋಮೀಟರ್ ಓಡಿದ ಕಥೆ ಕನ್ನಡನಾಡಿನಲ್ಲಿ ಮನೆಮಾತಾಯಿತು. ಇಂದು ತುಂಗಾ ಇಲ್ಲ. 2023ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಕಂಪವಾದಾಗ ಭಾರತದ ರಾಷ್ಟ್ರೀಯ ವಿಪತ್ತು ಪರಿಹಾರ ಪಡೆಯ ನಾಯಿಗಳು ಕಲ್ಲುಮಣ್ಣಿನ ಕೆಳಗಿದ್ದ ಜೀವವನ್ನು ಮೂಸಿ ಗುರುತಿಸಿದವು. ಅದೇ ಕಾರ್ಯಕ್ಕೆಂದು ಮೆಕ್ಸಿಕೋದಿಂದ ಬಂದಿದ್ದ ಪ್ರೋಟಿಯೋ ಎಂಬ ನಾಯಿ ಅಲ್ಲಿಯೇ ಪ್ರಾಣ ಬಿಟ್ಟಿತು. ಯಾರ ದೇಶ, ಯಾರ ಮಗು ಎಂಬ ವಿಚಾರ ಅದಕ್ಕಿರಲಿಲ್ಲ.

ಈ ನಾಯಿಗಳು ಕೆಲಸ ಮಾಡುವ ಬಗೆಯನ್ನು ತಿಳಿದರೆ ಋಣದ ಸ್ವರೂಪವೂ ತಿಳಿಯುತ್ತದೆ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು ಐವತ್ತು ಅರುವತ್ತು ಲಕ್ಷ; ಇಂಥ ನಾಯಿಗಳಲ್ಲಿ ಅವು ಇಪ್ಪತ್ತು ಕೋಟಿಯನ್ನು ಮೀರುತ್ತವೆ. ತರಬೇತಿಯಲ್ಲಿ ಅದಕ್ಕೆ ಸ್ಫೋಟಕದ ವಾಸನೆಯನ್ನು ಪರಿಚಯಿಸಿ, ಅದನ್ನು ಕಂಡುಹಿಡಿದಾಗಲೆಲ್ಲ ಒಂದು ಚೆಂಡನ್ನೋ ತಿನಿಸನ್ನೋ ಕೊಟ್ಟು ಬೆನ್ನು ತಟ್ಟುತ್ತಾರೆ. ವಾಸನೆ ಸಿಕ್ಕಿದೊಡನೆ ಬೊಗಳದೆ, ಕೆರೆಯದೆ, ಆ ಸ್ಥಳದಲ್ಲಿ ಮೌನವಾಗಿ ಕುಳಿತುಬಿಡಬೇಕೆಂದು ಕಲಿಸುತ್ತಾರೆ. ಕೆರೆದರೆ ಬಾಂಬು ಸಿಡಿದೀತೆಂಬುದು ಮನುಷ್ಯನಿಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಅದರ ಪಾಲಿಗೆ ಇದೊಂದು ಆಟ. ತನ್ನನ್ನು ನಡೆಸುವ ಪೇದೆಯ ಮುಖದಲ್ಲಿ ಸಂತೋಷ ಕಂಡರೆ ಅದಕ್ಕೆ ಆಟ ಗೆದ್ದಂತೆ.

ಸತ್ತ ನಾಯಿಗೆ ಹುತಾತ್ಮನೆಂಬ ಬಿರುದು ಕೊಡುವವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಹುತಾತ್ಮನಾದ ಸೈನಿಕನು ಅಪಾಯವನ್ನು ಬಲ್ಲನು, ಬಲ್ಲವನಾಗಿಯೇ ಮುಂದಡಿಯಿಟ್ಟನು. ನಾಯಿಯಾದರೋ ಸಾವನ್ನು ಬಲ್ಲುದಲ್ಲ, ಅದನ್ನು ಆರಿಸಿಕೊಂಡುದೂ ಅಲ್ಲ. ಅದರ ಪರವಾಗಿ ಮನುಷ್ಯನೇ ಆರಿಸಿದನು. ಹೋಗೆಂದ ಕಡೆಗೆ ಅದು ಹೋಯಿತು. ಹೋಗೆಂದವನು ತನಗೆ ಕೇಡು ಬಗೆಯನೆಂಬ ನಂಬಿಕೆಯೊಂದೇ ಅದರ ಆಧಾರ. ಹಾಗೆಂದ ಮಾತ್ರಕ್ಕೆ ಅದರ ಸೇವೆಯ ಬೆಲೆ ಕಡಿಮೆಯಾಗುವುದಿಲ್ಲ, ಮನುಷ್ಯನ ಹೊಣೆ ಹೆಚ್ಚಾಗುತ್ತದೆ. ತಿಳಿದು ಕೊಟ್ಟವನ ಋಣಕ್ಕಿಂತ, ತಿಳಿಯದೆ ನಂಬಿ ಕೊಟ್ಟವನ ಋಣ ದೊಡ್ಡದು.

ಧರ್ಮಶಾಸ್ತ್ರವು ನಂಬಿ ಬಂದವನನ್ನು ಭಕ್ತನೆಂದು ಕರೆಯುತ್ತದೆ. ಭಕ್ತನನ್ನು ಕೈಬಿಡುವುದು ಎಂತಹ ಪಾಪವೆಂಬುದನ್ನು ಮಹಾಭಾರತವು ತನ್ನ ಕೊನೆಯಲ್ಲಿ, ಮಹಾಪ್ರಸ್ಥಾನಿಕ ಪರ್ವದಲ್ಲಿ ಹೇಳುತ್ತದೆ. ಹಿಮಾಲಯದ ದಾರಿಯಲ್ಲಿ ದ್ರೌಪದಿ ಬಿದ್ದಳು. ಸಹದೇವ, ನಕುಲ, ಅರ್ಜುನ, ಭೀಮರು ಒಬ್ಬೊಬ್ಬರಾಗಿ ಬಿದ್ದರು. ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದ ಒಂದು ನಾಯಿ ಮಾತ್ರ ಧರ್ಮರಾಯನ ಜೊತೆಯಲ್ಲಿ ಉಳಿಯಿತು. ಇಂದ್ರನು ರಥ ತಂದು ನಿಲ್ಲಿಸಿ, ನೀನು ಏರು, ನಾಯಿಯನ್ನು ಬಿಡು ಎಂದನು. ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಸ್ಥಳವಿಲ್ಲ. ನಾಯಿಯ ದೃಷ್ಟಿ ತಾಗಿದ ಯಜ್ಞದ ಫಲವೂ ನಷ್ಟವಾಗುತ್ತದೆ ಎಂದು ಶಾಸ್ತ್ರವನ್ನೂ ಮುಂದೊಡ್ಡಿದನು.

ಇಂದ್ರನು ಹೇಳಿದ ಶಾಸ್ತ್ರವನ್ನು ಧರ್ಮರಾಯನು ಅಲ್ಲಗಳೆಯಲಿಲ್ಲ. ಮಡಿಮೈಲಿಗೆಯ ವಿಧಿಗಳನ್ನು ಆತನೂ ಬಲ್ಲನು. ಆದರೆ ಶರಣಾಗತನನ್ನು ಬಿಟ್ಟುಕೊಡುವುದು, ಸ್ತ್ರೀಹತ್ಯೆ, ಬ್ರಾಹ್ಮಣನ ಧನವನ್ನು ಕದಿಯುವುದು, ಮಿತ್ರದ್ರೋಹ ಈ ನಾಲ್ಕೂ ಪಾಪಗಳನ್ನು ಒಟ್ಟುಗೂಡಿಸಿದರೆ ಭಕ್ತನೊಬ್ಬನನ್ನು ತೊರೆದ ಪಾಪಕ್ಕೆ ಸಮವಾದೀತು ಎಂಬುದು ಆತನ ನಿಲುವು. ಆಗ ಇಂದ್ರನು ಹರಿತವಾದ ಇನ್ನೊಂದು ಪ್ರಶ್ನೆ ಹಾಕಿದನು. ತಮ್ಮಂದಿರನ್ನೂ ಹೆಂಡತಿಯನ್ನೂ ದಾರಿಯಲ್ಲಿ ಬಿಟ್ಟುಬಂದವನಿಗೆ ನಾಯಿಯೊಂದನ್ನು ಬಿಡುವುದು ಏಕೆ ಕಷ್ಟ? ಧರ್ಮರಾಯನು ಕೊಟ್ಟ ಉತ್ತರದಲ್ಲಿ ಇಡೀ ಪರ್ವದ ಸಾರವಿದೆ. ಸತ್ತವರೊಡನೆ ಸಂಧಿಯೂ ಇಲ್ಲ, ವಿಗ್ರಹವೂ ಇಲ್ಲ. ಅವರನ್ನು ಬದುಕಿಸುವುದು ತನ್ನಿಂದಾಗದು. ಅವರು ಬದುಕಿದ್ದಾಗ ತಾನು ಅವರನ್ನು ಬಿಡಲಿಲ್ಲ. ಈ ನಾಯಿ ಬದುಕಿದೆ. ಆದುದರಿಂದ ಇದನ್ನು ಬಿಡಲಾರೆ.

ಆ ನಾಯಿ ಧರ್ಮದೇವತೆಯೇ ಆಗಿತ್ತೆಂದು ಕಡೆಗೆ ತಿಳಿಯಿತು. ಆದರೆ ಧರ್ಮರಾಯನು ಮಾತಾಡುವಾಗ ಅದು ಆತನಿಗೆ ಗೊತ್ತಿರಲಿಲ್ಲ. ದೇವರ ವೇಷವೆಂದು ತಿಳಿದು ನಾಯಿಯನ್ನು ಆದರಿಸಿದ್ದರೆ ಅದು ಲಾಭದ ಲೆಕ್ಕಾಚಾರವಾಗುತ್ತಿತ್ತು. ಬರಿಯ ನಾಯಿಯೆಂದು ತಿಳಿದೂ ಅದಕ್ಕಾಗಿ ಸ್ವರ್ಗವನ್ನು ಬಿಡಲು ಸಿದ್ಧನಾದುದರಿಂದಲೇ ಆತನು ಪರೀಕ್ಷೆಯಲ್ಲಿ ಗೆದ್ದನು. ನಾಯಿಮರಿಗೆ ಬಿದ್ದ ಪೆಟ್ಟಿನಿಂದ ಮೊದಲಾದ ಮಹಾಕಾವ್ಯವು ನಾಯಿಯನ್ನು ಬಿಡಲಾರೆನೆಂಬ ಮಾತಿನ ಬಳಿಗೆ ಬಂದು ಮುಟ್ಟುವುದು ಆಕಸ್ಮಿಕವೆಂದು ತೋರುವುದಿಲ್ಲ.

ಧರ್ಮರಾಯನ ಮಾತನ್ನು ಇಂದಿಗೆ ಅನ್ವಯಿಸಿದರೆ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಸತ್ತ ನಾಯಿಗೆ ಪುಷ್ಪಗುಚ್ಛವಿರಿಸುವುದು ಸುಲಭ. ಮುದಿಯಾದ, ಮೂಗು ಮಂದವಾದ, ಹಿಂಗಾಲು ಸೋತ ನಾಯಿಯನ್ನು ಸಾಕುವುದು ಸುಲಭವಲ್ಲ. ಕೆಲಸದ ನಾಯಿಗೆ ಎಂಟು ಹತ್ತು ವರ್ಷಕ್ಕೆ ನಿವೃತ್ತಿ. ಆಮೇಲೂ ಅದಕ್ಕೆ ಹಸಿವಿದೆ, ನೋವಿದೆ, ಹಳೆಯ ಒಡನಾಡಿಯ ನೆನಪಿದೆ. ಸೇವೆಗೆ ಒದಗದ ನಾಯಿಗಳನ್ನು ದಯಾಮರಣದ ಹೆಸರಿನಲ್ಲಿ ಕೊನೆಗಾಣಿಸುವ ಪದ್ಧತಿ ಸೈನ್ಯದಲ್ಲಿ ಇತ್ತೆಂಬುದು 2015ರಲ್ಲಿ ಮಾಹಿತಿ ಹಕ್ಕಿನ ಮೂಲಕ ಹೊರಬಂದಾಗ ಜನರು ತಳಮಳಗೊಂಡರು. ವಿಷಯವು ದೆಹಲಿಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಅನಂತರ ನೀತಿ ಬದಲಾಯಿತು. ನಿವೃತ್ತ ನಾಯಿಗಳನ್ನು ಮನೆಗಳಿಗೆ ದತ್ತು ಕೊಡುವ ಕ್ರಮವೂ ಬಂತು. ಎಷ್ಟೋ ಕಡೆ ಅದನ್ನು ನಡೆಸಿದ ಪೇದೆಯೇ ಅದನ್ನು ತನ್ನ ಮನೆಗೆ ಕರೆದೊಯ್ಯಲು ಹಂಬಲಿಸುತ್ತಾನೆ. ಮಂತ್ರವಿಲ್ಲದಿದ್ದರೂ ಅದು ಧರ್ಮರಾಯನ ಮಾರ್ಗವೇ ಸರಿ.

ಕನ್ನಡಿಗರಿಗೆ ಈ ಧರ್ಮವನ್ನು ಹೊರಗಿನವರಿಂದ ಕಲಿಯಬೇಕಾದ ಅಗತ್ಯವಿಲ್ಲ. ಕ್ರಿ.ಶ. 949-50ರ ಸುಮಾರಿನ ಆತಕೂರಿನ ಶಾಸನವೇ ಅದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳರೊಡನೆ ಕಾದಿದನು. ಆತನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಊರು, ಹೊನ್ನು, ಆನೆ ಏನನ್ನಾದರೂ ಕೇಳಬಹುದಾಗಿದ್ದ ಮಣಲೆರನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಜೊತೆಯಾಗಿ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವುಳ್ಳ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ಶಾಸನದಲ್ಲಿ ಒಂದು ಕಟ್ಟಳೆಯಿದೆ. ದತ್ತಿಯನ್ನು ಅನುಭವಿಸುವ ಗೊರವನು ಈ ಕಲ್ಲನ್ನು ಪೂಜಿಸದೆ ಉಣ್ಣಕೂಡದು. ಸತ್ತ ನಾಯಿಯ ನೆನಪನ್ನು ಹಿರಿಯರು ವರ್ಷಕ್ಕೊಮ್ಮೆ ಬರುವ ಉತ್ಸವಕ್ಕೆ ಬಿಡಲಿಲ್ಲ. ದಿನನಿತ್ಯದ ತುತ್ತಿಗೆ ಕಟ್ಟಿದರು. ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞದ ಭಾವವೂ ಇದೇ. ಉಣ್ಣುವ ಮುನ್ನ ನಾಯಿಗೆ, ಕಾಗೆಗೆ, ಕ್ರಿಮಿಕೀಟಗಳಿಗೆ ಅನ್ನದ ಪಾಲನ್ನು ನೆಲದ ಮೇಲೆ ಮೆಲ್ಲನೆ ಇಡಬೇಕೆಂದು ಸ್ಮೃತಿ ಹೇಳುತ್ತದೆ, ಎಸೆಯಬೇಕೆಂದು ಹೇಳುವುದಿಲ್ಲ. ನಾಯಿಯಲ್ಲಿಯೂ ವಿದ್ಯಾವಿನಯಸಂಪನ್ನನಲ್ಲಿಯೂ ಒಂದೇ ತತ್ತ್ವವನ್ನು ಕಾಣುವವನೇ ಪಂಡಿತನೆಂದು ಗೀತೆಯ ಐದನೆಯ ಅಧ್ಯಾಯ ಸಾರುತ್ತದೆ. ಭೈರವನಿಗೆ ನಾಯಿ ವಾಹನ. ದತ್ತಾತ್ರೇಯನ ಪಾದದ ಬಳಿ ನಾಲ್ಕು ನಾಯಿಗಳು. ಕನ್ನಡಿಗರ ಮೈಲಾರನೂ ಮರಾಠಿಗರ ಖಂಡೋಬನೂ ಆದ ದೇವನ ಮುಂದೆ ಭಕ್ತರು ತಾವೇ ನಾಯಿಗಳಾಗಿ ಬೊಗಳಿ ಸೇವೆ ಸಲ್ಲಿಸುತ್ತಾರೆ.

ಈ ವರ್ಷದ ಆಯುಧಪೂಜೆಯಂದು ಮನೆಯ ವಾಹನಕ್ಕೆ ಮಾಲೆ ಹಾಕುವಾಗ, ಅದು ನಿರ್ಭಯವಾಗಿ ಓಡಾಡುವ ರಸ್ತೆಯನ್ನು ಮೊದಲು ಮೂಸಿ ನೋಡಿದ ಜೀವಗಳನ್ನೂ ಮನೆಮಂದಿ ನೆನೆದರೆ ಪೂಜೆ ಪೂರ್ಣವಾಗುತ್ತದೆ. ಝಂಜೀರ್, ಸೀಸರ್, ತುಂಗಾ ಎಂಬ ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಡಬಹುದು. ಅದಕ್ಕಿಂತ ಮುಖ್ಯವಾಗಿ, ಸೊಸೈಟಿಯ ಮೆಟ್ಟಿಲ ಕೆಳಗೆ ಮುದುರಿ ಮಲಗಿದ ಬೀದಿನಾಯಿಗೆ ನಿಷ್ಕಾರಣವಾಗಿ ಕಲ್ಲೆಸೆಯುವ ಕೈಯನ್ನು ತಡೆಯಬಹುದು. ಏನು ತಪ್ಪಿಗೆ ಹೊಡೆದಿರಿ ಎಂದು ಸರಮೆ ಕೇಳಿದ ಪ್ರಶ್ನೆಗೆ ಜನಮೇಜಯನ ಸಭೆ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ. ಮುಪ್ಪಿನಲ್ಲಿ ಕೆಲಸಕ್ಕೆ ಬಾರದವರಾದ ಆಳುಕಾಳುಗಳನ್ನೂ ಹಿರಿಯ ಜೀವಗಳನ್ನೂ ನೋಡಿಕೊಳ್ಳುವ ರೀತಿಯಲ್ಲಿಯೂ ಅದೇ ಪ್ರಶ್ನೆ ಅಡಗಿದೆ.

ಸರಮೆಯ ಮಕ್ಕಳಾದ ಎರಡು ನಾಯಿಗಳು ಯಮಲೋಕದ ದಾರಿಯನ್ನು ಕಾಯುತ್ತವೆಂದು ವೇದ ಹೇಳುತ್ತದೆ. ಆ ದಾರಿಯಲ್ಲಿ ಎಂದಾದರೊಂದು ದಿನ ಎಲ್ಲರೂ ನಡೆಯತಕ್ಕವರೇ. ಅಂದು ಅವುಗಳ ಮುಂದೆ ತಲೆಯೆತ್ತಿ ನಿಲ್ಲುವಂತೆ ಇಂದು ನಡೆದುಕೊಳ್ಳುವ ಬುದ್ಧಿಯನ್ನು ತಾಯಿ ಚಾಮುಂಡೇಶ್ವರಿಯು ಸಕಲರಿಗೂ ಕರುಣಿಸಲಿ. ಕಾಣದ ಭಯದಿಂದ ನಗರವನ್ನು ಕಾದು ಮಣ್ಣಾದ ಆ ಮೂಕ ಸೇವಕರಿಗೆ ಸದ್ಗತಿಯಾಗಲಿ.